ಏರ್ ಪಿಸ್ತೂಲಿಗೆ ಯಾವ ಪೆಲೆಟ್? ಡಬ್ಬಿ ಕೊಳ್ಳುವ ಮುಂಚೆ ಇಷ್ಟು ತಿಳಿದುಕೊಳ್ಳಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವಾರ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದರು. ಅದಾದ ಮೇಲೆ ಪುಣೆಯ ಬಾಲೆವಾಡಿ ರೇಂಜಿನಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಜಾಸ್ತಿಯಾಗಿದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಹಿಂಜೇವಾಡಿಯಲ್ಲಿ ಕೆಲಸ ಮಾಡುವವರು, ಹೋಟೆಲ್ ನಡೆಸುವ ಉಡುಪಿ ಕಡೆಯವರು, ಎಲ್ಲರೂ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ. ಅವರು ನನ್ನನ್ನು ಮೊದಲು ಕೇಳುವುದು ಯಾವ ಪಿಸ್ತೂಲು ಕೊಳ್ಳಬೇಕು ಅಂತ. ಆಮೇಲೆ ಯಾವ ಪೆಲೆಟ್, ಅಂದರೆ ಅದರಲ್ಲಿ ಹಾಕುವ ಸೀಸದ ಸಣ್ಣ ಗುಂಡು, ಅಂತ. ಮೊದಲನೆಯದನ್ನು ನಿಮ್ಮ ಕೋಚ್‌ಗೆ ಬಿಡಿ. ಎರಡನೆಯದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ, ಆದರೆ ಅದಕ್ಕೆ ಒಂದು ಮಧ್ಯಾಹ್ನದ ಕೆಲಸ ಬೇಕು.

ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಲ್ಲ ಪಿಸ್ತೂಲಿಗೂ ಒಳ್ಳೆಯದು ಅನ್ನುವಂಥ ಪೆಲೆಟ್ ಇಲ್ಲ. ನಿಮ್ಮ ಬ್ಯಾರೆಲ್‌ಗೆ ಒಪ್ಪುವ ಪೆಲೆಟ್ ಇದೆ, ಅದನ್ನು ಹೊಡೆದು ನೋಡಿಯೇ ಕಂಡುಹಿಡಿಯಬೇಕು. ಹಾಗೆ ಹುಡುಕುವ ಮುಂಚೆ, ಹುಡುಕುವ ಹಂತಕ್ಕೆ ನೀವು ಬಂದಿದ್ದೀರಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಬಹಳ ಮನೆಗಳಲ್ಲಿ ದುಡ್ಡು ವ್ಯರ್ಥವಾಗುವುದು ಈ ಪ್ರಶ್ನೆ ಬಿಟ್ಟುಬಿಡುವುದರಿಂದಲೇ.

ಇನ್ನೊಂದು ಮಾತನ್ನು ಮೊದಲೇ ಸ್ಪಷ್ಟ ಮಾಡುತ್ತೇನೆ. ಅಮೆರಿಕದವರ ವಿಡಿಯೋ ನೋಡಿ ಕೆಲವು ಹುಡುಗರು ಮ್ಯಾಗ್ನಮ್ ರಿವಾಲ್ವರ್‌ನ ಕಾಡತೂಸಿಗೆ ಯಾವ ಮದ್ದು ತುಂಬಬೇಕು ಅಂತೆಲ್ಲ ಕೇಳುತ್ತಾರೆ. ಅಲ್ಲಿ ಅದು ಕಾನೂನಿನೊಳಗಿನ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಮನೆಯಲ್ಲಿ ಕಾಡತೂಸು ತುಂಬುವ ಯೋಚನೆಯನ್ನೇ ಮಾಡಬೇಡಿ. ಆದರೆ ಆ ಜನರಿಂದ ಕಲಿಯಬೇಕಾದ ಒಂದು ಶಿಸ್ತಿದೆ. ಒಳ್ಳೆಯ ಹ್ಯಾಂಡ್‌ಲೋಡರ್, ಅಂದರೆ ಕಾಡತೂಸನ್ನು ತಾನೇ ತುಂಬಿಕೊಳ್ಳುವವನು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾನೆ. ಮದ್ದು ಬದಲಾಯಿಸಿದರೆ ಗುಂಡನ್ನು ಮುಟ್ಟುವುದಿಲ್ಲ, ಗುಂಡು ಬದಲಾಯಿಸಿದರೆ ಮದ್ದನ್ನು ಮುಟ್ಟುವುದಿಲ್ಲ, ಪ್ರತಿಯೊಂದನ್ನೂ ಬರೆದಿಡುತ್ತಾನೆ. ಏರ್ ಪಿಸ್ತೂಲಿನಲ್ಲಿ ಮದ್ದು ಇಲ್ಲ, ಬರೀ ಒತ್ತಿದ ಗಾಳಿ. ಅದರ ಒತ್ತಡವನ್ನು ಕಾರ್ಖಾನೆಯವರೇ ಸರಿಮಾಡಿ ಕಳಿಸಿರುತ್ತಾರೆ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಪೆಲೆಟ್ ಒಂದೇ. ಅದನ್ನೇ ಅಷ್ಟೇ ಶಿಸ್ತಿನಿಂದ ಆರಿಸಬೇಕು.

ನಮ್ಮ ಏರ್ ಪಿಸ್ತೂಲು ಕಾನೂನಿನ ದೃಷ್ಟಿಯಿಂದ ಹಗುರ. 4.5 ಮಿಲಿಮೀಟರ್ ಕ್ಯಾಲಿಬರ್ (ನಳಿಗೆಯ ಒಳ ವ್ಯಾಸ) ಮೀರದ, 20 ಜೂಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ಪಿಸ್ತೂಲಿನ ಶಕ್ತಿ ಎಷ್ಟು ಗೊತ್ತಾ? 0.45 ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 5 ಜೂಲ್, ಅಷ್ಟೇ. ಹಾಗಂತ ಆಟದ ಸಾಮಾನಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕನ್ನಡಕ ಹಾಕಿ, ಯಾವಾಗಲೂ ನಳಿಗೆ ಗುರಿಯ ಕಡೆಗೇ ಇರಲಿ.

ಪೆಲೆಟ್ ಅಂದರೆ ಏನು, ಅದರಲ್ಲಿ ಏನು ನೋಡಬೇಕು

ಒಂದು ಪೆಲೆಟನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ತೆಳುವಾದ ಟೊಳ್ಳು ಲಂಗ, ಇದನ್ನೇ ಸ್ಕರ್ಟ್ ಅನ್ನುತ್ತಾರೆ. ತಲೆ ಬ್ಯಾರೆಲ್ ಒಳಗಿನ ತಿರುವುಗಳ ಮೇಲೆ ಸವರಿಕೊಂಡು ಹೋಗುತ್ತದೆ. ಹಿಂದಿನಿಂದ ಗಾಳಿ ನುಗ್ಗಿದಾಗ ಸ್ಕರ್ಟ್ ಸ್ವಲ್ಪ ಹಿಗ್ಗಿ ಬ್ಯಾರೆಲ್ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ಹಾಗಾಗಿ ತಲೆಯ ಅಳತೆ ಮುಖ್ಯ, ಸ್ಕರ್ಟ್ ನೆಟ್ಟಗೆ ದುಂಡಗೆ ಇರುವುದು ಇನ್ನೂ ಮುಖ್ಯ. ಒಂದು ಕಡೆ ಸ್ಕರ್ಟ್ ಒತ್ತಿಹೋಗಿದ್ದರೆ ಪೆಲೆಟ್ ಹೊರಬರುವಾಗ ಗಾಳಿ ಒಂದು ಪಕ್ಕದಿಂದ ಮೊದಲು ನುಗ್ಗಿ ಅದನ್ನು ವಾಲಿಸುತ್ತದೆ.

ಚಪ್ಪಟೆ ತಲೆ ಯಾಕೆ ಅಂದರೆ ಕಾಗದದಲ್ಲಿ ದುಂಡಗೆ ಸ್ವಚ್ಛವಾಗಿ ತೂತು ಬೀಳಲಿ ಅಂತ, ಅಂಕ ಲೆಕ್ಕ ಮಾಡುವಾಗ ಜಗಳ ಬರುವುದಿಲ್ಲ. 10 ಮೀಟರ್ ದೂರಕ್ಕೆ ಗಾಳಿ ಸೀಳುವ ಚೂಪು ಬೇಕಾಗಿಯೂ ಇಲ್ಲ. ಚೂಪು ತಲೆ, ಗುಂಡು ತಲೆ ಪೆಲೆಟ್‌ಗಳು ಅಂಗಡಿಯಲ್ಲಿ ಕಾಣುತ್ತವೆ, ಅಗ್ಗವೂ ಇರುತ್ತವೆ, ಆದರೆ ಮ್ಯಾಚ್ ಅಭ್ಯಾಸಕ್ಕೆ ತರಬೇಡಿ.

ತೂಕದ ವಿಷಯ. ಪಿಸ್ತೂಲಿಗೆ ಸಾಮಾನ್ಯವಾಗಿ 0.45ರಿಂದ 0.49 ಗ್ರಾಂ, ರೈಫಲ್‌ಗೆ 0.53 ಗ್ರಾಂ. ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಮ್ಯಾಚ್ ಎರಡು ತೂಕದಲ್ಲೂ ಬರುತ್ತದೆ, ಪಿಸ್ತೂಲಿನದು 0.45, ರೈಫಲ್‌ನದು 0.53. ಎಚ್ ಆಂಡ್ ಎನ್‌ನ ಫಿನಾಲೆ ಮ್ಯಾಚ್ ಪಿಸ್ತೂಲ್ 0.49. ಹಗುರ ಪೆಲೆಟ್ ಬ್ಯಾರೆಲ್‌ನಿಂದ ಬೇಗ ಹೊರಡುತ್ತದೆ, ಒದೆತವೂ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ ಟ್ರಿಗರ್ ಎಳೆದ ಕೂಡಲೇ ಕೈ ಅಲ್ಲಾಡಿಸುವ ಹೊಸಬರಿಗೆ ಅದು ಸ್ವಲ್ಪ ಕ್ಷಮಿಸುತ್ತದೆ. ಆದರೆ ಕೆಲವು ಬ್ಯಾರೆಲ್‌ಗಳು ಭಾರದ ಪೆಲೆಟನ್ನೇ ಇಷ್ಟಪಡುತ್ತವೆ. ಪಿಸ್ತೂಲಿನಲ್ಲಿ ರೈಫಲ್ ಪೆಲೆಟ್ ಹಾಕಬಾರದು ಅನ್ನುವ ನಿಯಮವೇನೂ ಇಲ್ಲ. ಅಂತರರಾಷ್ಟ್ರೀಯ ನಿಯಮ ಕೇಳುವುದು 4.5 ಮಿಲಿಮೀಟರ್ ಕ್ಯಾಲಿಬರ್, ಸೀಸ ಅಥವಾ ಅದರಂಥ ಮೆದು ವಸ್ತು, ಅಷ್ಟೇ. ಹೊಡೆತಗಳ ಗುಂಪು, ಅಂದರೆ ಕಾರ್ಡಿನ ಮೇಲೆ ತೂತುಗಳು ಹರಡಿದ ಅಗಲ, ಚಿಕ್ಕದಾದರೆ 0.53 ಹಾಕಿ, ಗುರಿಯ ಕಂಡಿ (ಸೈಟ್) ಸರಿಮಾಡಿಕೊಳ್ಳಿ.

ಡಬ್ಬಿಯ ಮೇಲೆ 4.49, 4.50, 4.51 ಅಂತ ಅಂಕಿ ಇರುತ್ತದೆ. ಅದು ತಲೆಯ ವ್ಯಾಸ. ನೂರರಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಏನಾಗುತ್ತದೆ ಅಂತ ನಗಬೇಡಿ. ಒಂದೇ ಕಂಪನಿಯ ಒಂದೇ ಹೆಸರಿನ ಪೆಲೆಟ್ 4.49ರಲ್ಲಿ ಒಂದೇ ತೂತು ಮಾಡಿ, 4.51ರಲ್ಲಿ ಚೆದುರುವುದು ನಿಜವಾಗಿ ನಡೆಯುತ್ತದೆ. ಯಾಕಂದರೆ ಬ್ಯಾರೆಲ್‌ಗಳೂ ಒಂದೊಂದು ಒಂದೊಂದು ಥರ. ಒಂದೇ ಮಾಡೆಲಿನ ಎರಡು ಪಿಸ್ತೂಲು ಬೇರೆ ಬೇರೆ ಅಳತೆ ಕೇಳಬಹುದು. ಗೆಳೆಯನ ಪಿಸ್ತೂಲಿಗೆ ಹೊಂದಿದ್ದು ನಿಮ್ಮದಕ್ಕೂ ಹೊಂದುತ್ತದೆ ಅಂತ ಹೇಳಲು ಬರುವುದಿಲ್ಲ.

ದುಬಾರಿ ಪೆಲೆಟ್ ನಿಮಗೆ ಈಗ ಬೇಕಾ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಈ ಲೆಕ್ಕ ಅರ್ಥವಾದರೆ ವರ್ಷಕ್ಕೆ ಸಾವಿರಾರು ರೂಪಾಯಿ ಉಳಿಯುತ್ತದೆ, ಮಗುವಿನ ಮೇಲಿನ ಸಿಟ್ಟೂ ಕಡಿಮೆಯಾಗುತ್ತದೆ.

ಏರ್ ಪಿಸ್ತೂಲ್ ಟಾರ್ಗೆಟ್‌ನ ಹತ್ತನೇ ವೃತ್ತದ ವ್ಯಾಸ 11.5 ಮಿಲಿಮೀಟರ್. ಒಂಬತ್ತರದು 27.5, ಎಂಟರದು 43.5. ಅಂದರೆ ಒಂದೊಂದು ಅಂಕಕ್ಕೆ ಮಧ್ಯದಿಂದ 8 ಮಿಲಿಮೀಟರ್ ಅಂತರ. ಈಗ ಹೊಸದಾಗಿ ಕಲಿಯುವ ಮಗುವಿನ ಕೈಯ ಅಲುಗಾಟದಿಂದ ಗುಂಪು 40 ಮಿಲಿಮೀಟರ್ ಹರಡುತ್ತದೆ ಅಂದುಕೊಳ್ಳಿ. ಪಿಸ್ತೂಲನ್ನು ವೈಸ್‌ನಲ್ಲಿ (ಅಲ್ಲಾಡದಂತೆ ಹಿಡಿಯುವ ಬಿಗಿ ಇಕ್ಕಳದಲ್ಲಿ) ಬಿಗಿದು ಹೊಡೆದಾಗ ಪೆಲೆಟ್‌ನ ಗುಂಪು 8 ಮಿಲಿಮೀಟರ್. ಎರಡೂ ಸೇರಿದರೆ 48 ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಹಾಗಾಗುವುದಿಲ್ಲ. ಎರಡು ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವುದರಿಂದ ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 1600ಕ್ಕೆ 64 ಸೇರಿ 1664, ಅದರ ವರ್ಗಮೂಲ 40.8. ಈಗ ದುಡ್ಡು ಸುರಿದು 6 ಮಿಲಿಮೀಟರ್ ಗುಂಪಿನ ಪೆಲೆಟ್ ತಂದಿರಿ. ಆಗ 40.4. ಗಳಿಸಿದ್ದು ಅರ್ಧ ಮಿಲಿಮೀಟರ್ ಕೂಡ ಇಲ್ಲ!

ಕೈ ಪಳಗಿ ಗುಂಪು 20 ಮಿಲಿಮೀಟರಿಗೆ ಇಳಿದವರಿಗೆ ಅದೇ ಲೆಕ್ಕ ಹಾಕಿ. 8ರ ಪೆಲೆಟ್ ಜೊತೆ 21.5, 6ರ ಪೆಲೆಟ್ ಜೊತೆ 20.9. ಅರವತ್ತು ಹೊಡೆತದ ಮ್ಯಾಚಿನಲ್ಲಿ ಗೆರೆಯ ಮೇಲೆ ಕೂರುವ ಒಂದೋ ಎರಡೋ ಹೊಡೆತ ಒಳಗೆ ಬೀಳಬಹುದು. ಅವರಿಗೆ ಅದು ಬೆಲೆಯುಳ್ಳದ್ದೇ.

ಹಾಗಂತ ಸಿಕ್ಕಿದ್ದು ಹಾಕಿ ಅನ್ನುತ್ತಿಲ್ಲ. ಕಳಪೆ ಪೆಲೆಟ್‌ನ ಗುಂಪು 14 ಮಿಲಿಮೀಟರ್ ಇದ್ದರೆ 20ರ ಕೈ 24.4 ಆಗುತ್ತದೆ. ಅದಕ್ಕಿಂತ ದೊಡ್ಡ ಹಾನಿ ಮನಸ್ಸಿಗೆ. ಚೆನ್ನಾಗಿ ಬಿಟ್ಟ ಹೊಡೆತ ಹೊರಗೆ ಸರಿದರೆ ಮಗು ತನ್ನ ಸರಿಯಾದ ಟ್ರಿಗರ್ ಎಳೆತವನ್ನೇ ಅನುಮಾನಿಸಲು ಶುರುಮಾಡುತ್ತದೆ. ಹೊಡೆತ ಬಿಟ್ಟ ಕೂಡಲೇ, ಅಂಕ ತೋರಿಸುವ ಪರದೆ ನೋಡುವ ಮುಂಚೆ, ಅದು ಎಲ್ಲಿ ಬಿತ್ತು ಅಂತ ಹೇಳಲು ಕಲಿಯುವುದೇ ಈ ಆಟದ ಜೀವಾಳ. ಸುಳ್ಳು ಹೇಳುವ ಪೆಲೆಟ್ ಆ ಕಲಿಕೆಯನ್ನೇ ಕೆಡಿಸುತ್ತದೆ. ಅದಕ್ಕೇ ಮೊದಲ ವರ್ಷಕ್ಕೂ ನನ್ನ ಸಲಹೆ ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯೂ ಬೇಡ, ನಡುವಿನ ಚಪ್ಪಟೆ ತಲೆಯ ಒಂದು ಪೆಲೆಟ್. ಆರ್‌ಡಬ್ಲ್ಯುಎಸ್ ಹಾಬಿ, ಮೈಸ್ಟರ್‌ಕುಗೆಲ್ನ್ ಇಂಥವು ಸಾಕಷ್ಟಾಯಿತು.

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಕೇಳಿದರು, "ಏನ್ರೀ ಸರ್, ಕ್ಲಬ್ಬಿನಾಗ ಎಲ್ಲಾರೂ ಆರ್10 ಅಂತಾರ, ನಮ್ಮ ಹುಡುಗಿಗೂ ಅದನ್ನೇ ಕೊಡಸ್ಲಿಲ್ಲಂದ್ರ ಹಿಂದ ಉಳೀತಾಳೇನ್ರಿ?" ಅವರ ಮಗಳು ಆಗ ಎಂಟನೇ ವೃತ್ತದೊಳಗೆ ಹತ್ತು ಹೊಡೆತ ಇಡಲು ಒದ್ದಾಡುತ್ತಿದ್ದಳು. "ಇಲ್ಲರೀ ಅಕ್ಕಾರ, ಆ ದುಡ್ಡಿಗೆ ಇನ್ನೊಂದು ಡಬ್ಬಿ ಜಾಸ್ತಿ ತಗೊಂಡು ಐದು ನೂರು ಹೊಡೆತ ಹೆಚ್ಚು ಹೊಡಸ್ರಿ" ಅಂದೆ. ಇವತ್ತೂ ಅದನ್ನೇ ಹೇಳುತ್ತೇನೆ. ಒಂದು ಡಬ್ಬಿಯಲ್ಲಿ 500 ಇರುತ್ತವೆ. ದಿನಕ್ಕೆ ನೂರು ಹೊಡೆತದಂತೆ ವಾರಕ್ಕೆ ಐದು ದಿನ ಹೊಡೆದರೆ ವಾರಕ್ಕೊಂದು ಡಬ್ಬಿ ಮುಗಿಯುತ್ತದೆ. ವರ್ಷಕ್ಕೆ ಐವತ್ತು ಡಬ್ಬಿ. ಒಂದೊಂದರಲ್ಲಿ ಉಳಿಸಿದ್ದು ಎಷ್ಟಾಗುತ್ತದೆ ನೋಡಿ.

ರೈಫಲ್ ಹೊಡೆಯುವವರ ಕಥೆ ಬೇರೆ. ಅವರ ಹತ್ತನೇ ವೃತ್ತ ಬರೀ 0.5 ಮಿಲಿಮೀಟರಿನ ಚುಕ್ಕೆ, ಅಂಕಕ್ಕೂ ಅಂಕಕ್ಕೂ 2.5 ಮಿಲಿಮೀಟರ್, ಅದರ ಮೇಲೆ ದಶಮಾಂಶದ ಎಣಿಕೆ. ಒಂದು ದಶಮಾಂಶ ಅಂದರೆ 0.25 ಮಿಲಿಮೀಟರ್. ಪೆಲೆಟ್‌ನ ವೇಗ ಒಂದು ಪರ್ಸೆಂಟ್ ಏರುಪೇರಾದರೆ 10 ಮೀಟರಿನಲ್ಲಿ ಮೇಲೆ ಕೆಳಗೆ ಸುಮಾರು 0.34 ಮಿಲಿಮೀಟರ್ ಸರಿಯುತ್ತದೆ, ಅಂದರೆ ಒಂದು ದಶಮಾಂಶಕ್ಕಿಂತ ಜಾಸ್ತಿ. ಹಾಗಾಗಿ ರೈಫಲ್‌ನವರು ಪೆಲೆಟ್ ಪರೀಕ್ಷೆಗೆ ಬೇಗ ಇಳಿಯಬೇಕು. ಪಿಸ್ತೂಲಿನಲ್ಲಿ ಅದೇ ಒಂದು ಪರ್ಸೆಂಟ್ 0.44 ಮಿಲಿಮೀಟರ್ ಸರಿಸುತ್ತದೆ, ಆದರೆ ಅಲ್ಲಿ ಅಂಕದ ಅಂತರ 8 ಮಿಲಿಮೀಟರ್. ಪೆಲೆಟ್‌ಗಳನ್ನು ಚಿನ್ನದ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ವಿಂಗಡಿಸುವ ಪಿಸ್ತೂಲಿನವರನ್ನು ನೋಡಿದರೆ ಆ ಹೊತ್ತಿನಲ್ಲಿ ಖಾಲಿ ಪಿಸ್ತೂಲು ಎತ್ತಿ ಹಿಡಿದು ಅಭ್ಯಾಸ ಮಾಡಿ ಅನ್ನಬೇಕು ಅನ್ನಿಸುತ್ತದೆ.

ಪರೀಕ್ಷೆ ಮಾಡುವ ಬಗೆ

ನಿಮ್ಮ ಗುಂಪು ಒಂಬತ್ತನೇ ವೃತ್ತದ ಆಸುಪಾಸಿಗೆ ಬಂತಾ? ಹಾಗಾದರೆ ಮುಂದೆ ಓದಿ.

ಮೊದಲು ಪೆಲೆಟ್ ಕೂಡಿಸಬೇಕು. ಪ್ರತಿಯೊಂದರ ಇಡೀ ಡಬ್ಬಿ ಕೊಳ್ಳಬೇಡಿ. ಎಚ್ ಆಂಡ್ ಎನ್‌ನವರು ಬೇರೆ ಬೇರೆ ತಲೆ ಅಳತೆಯ ಸ್ವಲ್ಪ ಸ್ವಲ್ಪ ಪೆಲೆಟ್ ಇರುವ ಸ್ಯಾಂಪಲ್ ಪ್ಯಾಕ್ ಮಾಡುತ್ತಾರೆ. ಅದು ಸಿಗದಿದ್ದರೆ ಕ್ಲಬ್ಬಿನ ನಾಲ್ಕು ಮನೆಯವರು ಸೇರಿ. ಒಬ್ಬರು 4.49ರ ಡಬ್ಬಿ, ಇನ್ನೊಬ್ಬರು 4.50, ಮತ್ತೊಬ್ಬರು ಬೇರೆ ಕಂಪನಿಯದು ತಂದು ಹಂಚಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಐವತ್ತು ಸಾಕು. ಹಂಚುವಾಗ ಪ್ಲಾಸ್ಟಿಕ್ ಚೀಲಕ್ಕೆ ಸುರಿಯಬೇಡಿ, ಸ್ಕರ್ಟ್ ಜಜ್ಜಿಹೋಗುತ್ತದೆ. ಚಿಕ್ಕ ಗಟ್ಟಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಡಿ, ಮೇಲೆ ಹೆಸರು, ಅಳತೆ, ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದು ಅಂಟಿಸಿ.

ಪಿಸ್ತೂಲನ್ನು ಅಲ್ಲಾಡದಂತೆ ಹಿಡಿಯುವ ವ್ಯವಸ್ಥೆ ಬೇಕು. ದೊಡ್ಡ ರೇಂಜುಗಳಲ್ಲಿ ಅಥವಾ ರಿಪೇರಿ ಮಾಡುವವರ ಹತ್ತಿರ ವೈಸ್ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಬ್ಯಾರೆಲನ್ನೇ ಬಿಗಿಯಬೇಡಿ, ಗಾಳಿ ಸಿಲಿಂಡರನ್ನು ಮುಟ್ಟಲೇಬೇಡಿ. ಗೊತ್ತಿದ್ದವರ ಕೈಯಲ್ಲಿ ಫ್ರೇಮಿನ ಮೇಲೆ ಚರ್ಮ ಅಥವಾ ರಬ್ಬರ್ ಇಟ್ಟು ಬಿಗಿಸಿ. ವೈಸ್ ಇಲ್ಲವೇ? ಮೇಜಿನ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು, ಅದರ ಮೇಲೆ ಎರಡೂ ಮುಂಗೈ ಊರಿ, ಕುರ್ಚಿಯಲ್ಲಿ ಕೂತು ಹೊಡೆಯಿರಿ. ವೈಸ್‌ನಷ್ಟು ನಿಖರವಲ್ಲ, ಆದರೆ ತೀರಾ ಒಪ್ಪದ ಪೆಲೆಟನ್ನು ಬೇರ್ಪಡಿಸಲು ಧಾರಾಳವಾಗಿ ಸಾಕು.

ಸಿಲಿಂಡರ್ ತುಂಬಿಸಿ ಸ್ವಲ್ಪ ಹೊತ್ತು ಬಿಡಿ, ತುಂಬುವಾಗ ಬಿಸಿಯಾಗಿರುತ್ತದೆ. ಒತ್ತಡದ ಮುಳ್ಳು ಕೆಳಗಿನ ಗೆರೆಗೆ ಬರುವ ಮುಂಚೆ ಮತ್ತೆ ತುಂಬಿ. ಗುರಿಯ ಕಂಡಿಯನ್ನು ಇಡೀ ದಿನ ಮುಟ್ಟಬೇಡಿ. ಗುಂಪು ಏಳರ ಮೇಲೆ ಬಿದ್ದರೂ ಬೀಳಲಿ. ನಮಗೆ ಬೇಕಾದದ್ದು ಅದು ಎಷ್ಟು ಒತ್ತಾಗಿ ಬೀಳುತ್ತದೆ ಅನ್ನುವುದು, ಎಲ್ಲಿ ಬೀಳುತ್ತದೆ ಅನ್ನುವುದಲ್ಲ.

ಈಗ ಬಹಳ ಜನ ಬಿಟ್ಟುಬಿಡುವ ಮುಖ್ಯ ಮಾತು. ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಯಿಸಿದ ಕೂಡಲೇ ಅಂಕ ಬರೆಯಬೇಡಿ. ಪೆಲೆಟ್‌ಗಳ ಮೇಲೆ ಕಾರ್ಖಾನೆಯ ತೆಳು ಎಣ್ಣೆಯಂಥದ್ದು ಇರುತ್ತದೆ, ಹಿಂದಿನ ಪೆಲೆಟ್‌ನ ಸೀಸವೂ ಬ್ಯಾರೆಲ್ ಒಳಗೆ ಪದರವಾಗಿ ಕೂತಿರುತ್ತದೆ. ಹೊಸ ಪೆಲೆಟ್ ಅದನ್ನು ಒರೆಸಿ ತನ್ನ ಪದರ ಹಾಕಿಕೊಳ್ಳುವವರೆಗೆ ಗುಂಪು ಅಲೆದಾಡುತ್ತದೆ. ಇಪ್ಪತ್ತು ಹೊಡೆತ ಸುಮ್ನೆ ಹೊಡೆದುಬಿಡಿ. ಆಮೇಲೆ ಹತ್ತು ಹತ್ತರಂತೆ ಮೂರು ಹೊಸ ಕಾರ್ಡುಗಳ ಮೇಲೆ ಹೊಡೆಯಿರಿ. ಐದು ಹೊಡೆತದ ಗುಂಪನ್ನು ನಂಬಬೇಡಿ. ಯಾವ ಪೆಲೆಟ್ ಬೇಕಾದರೂ ಒಮ್ಮೆ ಐದು ಹೊಡೆತವನ್ನು ಅದೃಷ್ಟದಿಂದ ಒಂದೇ ತೂತಿಗೆ ಹಾಕುತ್ತದೆ, ಅದರ ಫೋಟೋ ನೋಡಿ ನಾಲ್ಕು ಜನ ಅದೇ ಡಬ್ಬಿ ಕೊಳ್ಳುತ್ತಾರೆ. ಹತ್ತರ ಮೂರು ಗುಂಪಿನ ಸರಾಸರಿ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಕಾರ್ಡು ಒಳ್ಳೆಯದಿರಲಿ. ಪ್ರಿಂಟರಿನ ತೆಳು ಹಾಳೆ ಹರಿದುಹೋಗುತ್ತದೆ, ತೂತಿನ ಅಂಚು ಸಿಗುವುದಿಲ್ಲ. ರೇಂಜಿನ ಗಟ್ಟಿ ಕಾರ್ಡೇ ಬಳಸಿ, ಹಿಂದೆ ಒಂದು ರಟ್ಟು ಇಡಿ. ವರ್ನಿಯರ್ ಕ್ಯಾಲಿಪರ್‌ನಿಂದ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಕಾಗದದ ತೂತು ಪೆಲೆಟ್‌ಗಿಂತ ಕೊಂಚ ಚಿಕ್ಕದೇ ಆಗುತ್ತದೆ, ಆದರೆ ಎಲ್ಲ ಬಗೆಗೂ ಅದೇ ಕಾರ್ಡು, ಅದೇ ರೀತಿ ಅಳೆದರೆ ಹೋಲಿಕೆಗೆ ತೊಂದರೆ ಇಲ್ಲ. ಬೇರೆ ದಿನ ಕ್ರಮ ತಿರುಗಿಸಿ ಇನ್ನೊಮ್ಮೆ ಮಾಡಿ, ಮೊದಲು ಹೊಡೆದದ್ದನ್ನು ಕೊನೆಗೆ ಹೊಡೆಯಿರಿ. ಎರಡೂ ದಿನ ಗೆದ್ದ ಪೆಲೆಟ್ ನಿಜವಾಗಿ ಗೆದ್ದಿದೆ. ಸರಾಸರಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಎರಡೂ ಒಂದೇ ಅಂದುಕೊಂಡು, ಸುಲಭವಾಗಿ ಸಿಗುವುದನ್ನು ಆರಿಸಿ. ಪುಣೆ ಮುಂಬೈಯಲ್ಲೇ ಕೆಲವು ಬಗೆಗಳು ತಿಂಗಳುಗಟ್ಟಲೆ ಸಿಗುವುದಿಲ್ಲ, ಗೋವಾದವರು ಇನ್ನೂ ಕಾಯಬೇಕಾಗುತ್ತದೆ. ಮ್ಯಾಚಿಗೆ ಎರಡು ವಾರ ಇರುವಾಗ ಡಬ್ಬಿ ಸಿಗಲಿಲ್ಲ ಅಂತ ಬೇರೆ ಪೆಲೆಟ್‌ಗೆ ಹೋಗುವ ಪರಿಸ್ಥಿತಿ ಯಾರಿಗೂ ಬೇಡ.

ಹೊಸ ಪಿಸ್ತೂಲು ಕೊಂಡಿದ್ದರೆ ಪೆಟ್ಟಿಗೆಯಲ್ಲಿ ಕಾರ್ಖಾನೆಯವರು ಹೊಡೆದ ಒಂದು ಟೆಸ್ಟ್ ಕಾರ್ಡು ಇರುತ್ತದೆ, ಎಸೆಯಬೇಡಿ. ನಿಮ್ಮ ಬ್ಯಾರೆಲ್ ಎಷ್ಟು ಚಿಕ್ಕ ಗುಂಪು ಕೊಡಬಲ್ಲದು ಅನ್ನುವುದಕ್ಕೆ ಅದು ಸಾಕ್ಷಿ. ನಿಮ್ಮ ಯಾವ ಪೆಲೆಟ್ಟೂ ಅದರ ಹತ್ತಿರ ಬರದಿದ್ದರೆ ತಪ್ಪು ಪೆಲೆಟ್‌ನಲ್ಲೇ ಇರಬೇಕಾಗಿಲ್ಲ, ಬ್ಯಾರೆಲ್ ಬಾಯಿಗೆ ಪೆಟ್ಟಾಗಿದೆಯಾ, ಸ್ಕ್ರೂ ಸಡಿಲವಾಗಿದೆಯಾ ಅಂತ ತೋರಿಸಿ.

ಮಳೆ, ಉಪ್ಪು ಗಾಳಿ, ಸೀಸ

ಪೆಲೆಟ್ ಆರಿಸಿದಷ್ಟೇ ಮುಖ್ಯ ಅದನ್ನು ಕಾಪಾಡುವುದು. ಅದರಲ್ಲೂ ಈ ಕರಾವಳಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಸೀಸವನ್ನು ಬಿಡುತ್ತದಾ? ತೆರೆದಿಟ್ಟ ಡಬ್ಬಿಯ ಪೆಲೆಟ್‌ಗಳು ಮೊದಲು ಹೊಳಪು ಕಳೆದುಕೊಂಡು ಆಮೇಲೆ ಬಿಳಿ ಪುಡಿ ಹಿಡಿಯುತ್ತವೆ. ಆ ಬಿಳಿ ಪುಡಿ ಸೀಸದ್ದೇ, ಬ್ಯಾರೆಲ್‌ಗೂ ಕೆಟ್ಟದ್ದು, ಶ್ವಾಸಕೋಶಕ್ಕೂ ಕೆಟ್ಟದ್ದು. ಊದಬೇಡಿ, ಒರೆಸಿ ಬಳಸಬೇಡಿ, ಅಂಥ ಡಬ್ಬಿಯನ್ನು ಮುಚ್ಚಿ ರೇಂಜಿನ ಸೀಸದ ತ್ಯಾಜ್ಯಕ್ಕೆ ಕೊಟ್ಟುಬಿಡಿ. ಬಳಸದ ಡಬ್ಬಿಗಳ ಅಂಚಿಗೆ ಟೇಪ್ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಇಡಿ. ಪುಣೆಯಲ್ಲಿ ಜುಲೈ ಆಗಸ್ಟ್ ಬಿಟ್ಟರೆ ಇಷ್ಟು ಕಷ್ಟ ಇಲ್ಲ.

ತೇವ ಗಾಳಿಯ ಮೂಲಕವೂ ಪಿಸ್ತೂಲಿನೊಳಗೆ ಹೋಗುತ್ತದೆ. ಮಳೆಗಾಲದಲ್ಲಿ ಕೈಪಂಪಿನಿಂದ ಸಿಲಿಂಡರ್ ತುಂಬಿದರೆ ಆ ಗಾಳಿಯ ನೀರಿನಂಶವೂ ಒಳಗೆ ಸೇರುತ್ತದೆ, ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಕೆಟ್ಟರೆ ವೇಗ ಏರುಪೇರಾಗುತ್ತದೆ, ಆಮೇಲೆ ನೀವು ಪಾಪ ಪೆಲೆಟ್‌ನ್ನು ಬೈಯುತ್ತೀರಿ. ಗೋವಾದವರಿಗೆ ಇಲ್ಲೊಂದು ಅನುಕೂಲ ಇದೆ. ಸ್ಕೂಬಾ ಡೈವಿಂಗ್ ಕೇಂದ್ರಗಳಲ್ಲಿ ಉಸಿರಾಡಲು ತುಂಬುವ ಗಾಳಿ ಸೋಸಿ ಒಣಗಿಸಿದ ಗಾಳಿ, ಸರಿಯಾದ ಅಡಾಪ್ಟರ್ ಇದ್ದರೆ ಸ್ಕೂಬಾ ಸಿಲಿಂಡರಿನಿಂದಲೇ ಪಿಸ್ತೂಲಿನ ಸಿಲಿಂಡರ್ ತುಂಬಬಹುದು. ಒತ್ತಡವನ್ನು 200 ಬಾರ್ ದಾಟಿಸಬೇಡಿ. ಯಾವ ಕಾರಣಕ್ಕೂ ಆಸ್ಪತ್ರೆಯ ಅಥವಾ ವೆಲ್ಡಿಂಗಿನ ಆಕ್ಸಿಜನ್ ತುಂಬಬೇಡಿ, ಎಣ್ಣೆ ಗ್ರೀಸಿನ ಜೊತೆ ಸೇರಿ ಸಿಡಿಯುತ್ತದೆ, ಪ್ರಾಣ ಹೋಗುತ್ತದೆ. ಸಿಲಿಂಡರಿನ ಮೇಲೆ ಕೊರೆದ ಅವಧಿ ಮುಗಿದಿದ್ದರೆ ಬಳಸಬೇಡಿ. ಮ್ಯಾಚಿನಲ್ಲೂ ಅದು ಅವಧಿಯೊಳಗೆ ಇದೆಯಾ ಅಂತ ನೋಡಿಕೊಳ್ಳುವುದು ಆಟಗಾರರದೇ ಜವಾಬ್ದಾರಿ.

ಸೀಸದ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಮಕ್ಕಳು ಪೆಲೆಟನ್ನು ತುಟಿಯಲ್ಲಿ ಕಚ್ಚಿಕೊಂಡು ಪಿಸ್ತೂಲು ತೆರೆಯುವುದನ್ನು ಇವತ್ತಿಗೂ ನೋಡುತ್ತೇನೆ. ತಕ್ಷಣ ನಿಲ್ಲಿಸಿ. ಸೀಸ ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಇಷ್ಟು ಹೋದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ರೇಂಜಿನ ಹೊರಗೆ ವಡಾಪಾವ್ ಗಾಡಿ ಕರೆಯುತ್ತಿರುತ್ತದೆ, ಹೊಡೆದ ಕೈಯಲ್ಲೇ ಓಡಿಹೋಗಿ ತಿನ್ನುತ್ತಾರೆ. ಮೊದಲು ಸೋಪು ಹಚ್ಚಿ ತಣ್ಣೀರಿನಲ್ಲಿ ಚೆನ್ನಾಗಿ ಕೈ ತೊಳೆಸಿ, ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಮನೆಯ ಹಾಲ್‌ನಲ್ಲಿ 10 ಮೀಟರ್ ಜಾಗ ಇದೆ ಅಂತ ಪೆಲೆಟ್ ಹಿಡಿಯುವ ಪೆಟ್ಟಿಗೆ ಇಟ್ಟು ರೇಂಜ್ ಮಾಡಿಕೊಂಡವರು ಕೆಳಗೆ ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ತೆವಳುವ ಮಗು ಇರುವ ಮನೆಯಲ್ಲಿ ಪೆಲೆಟ್ ಹೊಡೆಯುವುದೇ ಬೇಡ, ಖಾಲಿ ಪಿಸ್ತೂಲಿನ ಅಭ್ಯಾಸ ಮಾಡಿ.

ಲಾಟ್ ನಂಬರ್

ಇಷ್ಟೆಲ್ಲ ಮಾಡಿ ಒಂದು ಪೆಲೆಟ್ ಸಿಕ್ಕಿತು ಅಂದುಕೊಳ್ಳಿ. ಡಬ್ಬಿಯ ಮೇಲಿನ ಲಾಟ್ ನಂಬರ್ ನೋಡಿ ಬರೆದುಕೊಳ್ಳಿ, ಅದೇ ಲಾಟಿನ ಡಬ್ಬಿಗಳನ್ನು ಆ ಸೀಸನ್‌ಗೆ ಸಾಕಾಗುವಷ್ಟು ಒಟ್ಟಿಗೆ ಕೊಂಡಿಡಿ. ಕಾರ್ಖಾನೆಯಲ್ಲಿ ಅಚ್ಚು ಸವೆಯುತ್ತದೆ, ಬದಲಾಗುತ್ತದೆ, ಅದೇ ಹೆಸರು ಅದೇ ಅಳತೆಯ ಮುಂದಿನ ಲಾಟ್ ನಿಮ್ಮ ಬ್ಯಾರೆಲ್‌ಗೆ ಹಾಗೇ ಒಪ್ಪುತ್ತದೆ ಅನ್ನುವ ಭರವಸೆ ಇಲ್ಲ. ಇಡೀ ಸೀಸನ್‌ನದು ಒಮ್ಮೆಗೇ ಕೊಳ್ಳಲು ಆಗದಿದ್ದರೆ ಮ್ಯಾಚಿಗೆ ಬೇಕಾಗುವ ಎರಡೋ ಮೂರೋ ಡಬ್ಬಿಯನ್ನಾದರೂ ಆ ಲಾಟಿನಲ್ಲಿ ಎತ್ತಿಡಿ, ಅಭ್ಯಾಸಕ್ಕೆ ಅದೇ ತೂಕದ ಅಗ್ಗದ್ದು ಹಾಕಿ. ಆದರೆ ಮ್ಯಾಚಿನ ದಿನ ಬೆಳಗ್ಗೆ ಡಬ್ಬಿ ಒಡೆದು ಶುರುಮಾಡಬೇಡಿ. ಒಂದು ವಾರ ಮುಂಚೆಯೇ ಮ್ಯಾಚ್ ಪೆಲೆಟ್‌ಗೆ ಬನ್ನಿ, ಬ್ಯಾರೆಲ್ ಅದಕ್ಕೆ ಒಗ್ಗಲಿ, ಕಂಡಿ ಅದಕ್ಕೆ ಸರಿಹೋಗಲಿ.

ಡಬ್ಬಿ ಮನೆಗೆ ಬಂದ ಕೂಡಲೇ ತೆರೆದು ಒಂದು ಬಿಳಿ ತಟ್ಟೆಯಲ್ಲಿ ಮೆಲ್ಲಗೆ ಹರಡಿ ನೋಡಿ. ಕೊರಿಯರಿನವರು ಎಸೆದಾಡಿದ ಡಬ್ಬಿಯಲ್ಲಿ ಸ್ಕರ್ಟ್ ಜಜ್ಜಿದವು ತುಂಬಾ ಇರುತ್ತವೆ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ ಬ್ಯಾರೆಲ್ ಬೆಚ್ಚಗಾಗಿಸುವ ಹೊಡೆತಗಳಿಗೆ ಬಳಸಿ. ತೀರಾ ಜಾಸ್ತಿ ಇದ್ದರೆ ಫೋಟೋ ತೆಗೆದು ಅಂಗಡಿಗೆ ಕಳಿಸಿ ಬದಲಿ ಕೇಳಿ. ಮ್ಯಾಚಿಗೆ ಅರವತ್ತು ಹೊಡೆತ, ಜೊತೆಗೆ ಶುರುವಿನಲ್ಲಿ ಗುರಿ ಸರಿಮಾಡಿಕೊಳ್ಳುವ ಸೈಟಿಂಗ್ ಹೊಡೆತಗಳು, ಫೈನಲ್‌ಗೆ ಹೋದರೆ ಅದೂ ಬೇಕು. ನೂರೈವತ್ತು ಒಳ್ಳೆಯ ಪೆಲೆಟನ್ನು ಹಿಂದಿನ ರಾತ್ರಿಯೇ ಒಂದೊಂದಾಗಿ ನೋಡಿ ಆರಿಸಿಟ್ಟುಕೊಳ್ಳಿ. ತಂದೆ ತಾಯಿ ಮಾಡಿಕೊಡುವುದಕ್ಕಿಂತ ಮಗುವೇ ಕೂತು ಆರಿಸಲಿ, ಆಮೇಲೆ ಕೈ ತೊಳೆಯಲಿ.